ಕಂಡೂ ಕಾಣದ ಊರು

ಓದುಗರ ಪತ್ರ: ಸಕಲೇಶಪುರದ ನಮ್ಮ ಓದುಬಳಗದ ಎಂಟು ಜನ ಚೈನಾ ಮಿಯೆವಿಲ್ ಅವರ ‘ದ ಸಿಟಿ ಅಂಡ್ ದ ಸಿಟಿ’ ಹಿಡಿದೆವು. ನಲವತ್ತು ಪುಟಕ್ಕೆ ಐವರು ಕೈಬಿಟ್ಟರು. ನಕ್ಷೆ ಇಲ್ಲ, ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ, ಯಾವ ಬೀದಿ ಯಾವ ನಗರದ್ದೆಂದು ಗೊತ್ತಾಗುವುದಿಲ್ಲ. ಪತ್ತೇದಾರಿ ಕಾದಂಬರಿ ಎಂದು ಕೊಂಡಿದ್ದೆವು. ಇದು ಬರ್ಲಿನ್‌ನ ಕತೆಯೇ? ಇದನ್ನು ಓದುವುದು ಹೇಗೆ?

ಸಂಪಾದಕರ ಉತ್ತರ: ಆ ಐವರನ್ನು ದಯವಿಟ್ಟು ಮತ್ತೆ ಕರೆಯಿರಿ. ಅವರು ಬಿಟ್ಟದ್ದು ಪುಸ್ತಕ ಇನ್ನೂ ತನ್ನ ಕಾನೂನನ್ನು ಕಲಿಸುತ್ತಿರುವ ಜಾಗದಲ್ಲಿ.

ಬರ್ಲಿನ್ ಅಲ್ಲ. 1961ರಿಂದ 1989ರವರೆಗೆ ಅಲ್ಲಿದ್ದ ಗೋಡೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಾಗುತ್ತಿತ್ತು. ಈ ಕಾದಂಬರಿಯಲ್ಲಿ ಅಂಥ ಗೋಡೆಯಿಲ್ಲ. ಬೆಶೆಲ್ ಮತ್ತು ಉಲ್ ಕೋಮಾ ಎಂಬ, ಒಂದೊಂದೂ ಒಂದು ದೇಶವೇ ಆದ ಎರಡು ನಗರಗಳು ಒಂದೇ ನೆಲದ ಮೇಲಿವೆ. (ಉಚ್ಚಾರಕ್ಕೆ ಹೆದರಬೇಡಿ, ನಿಮ್ಮ ಬಾಯಿಗೆ ಒಗ್ಗುವಂತೆ ಓದಿಕೊಳ್ಳಿ.) ಕೆಲವು ಬೀದಿ ಪೂರ್ತಿ ಇವರದು, ಕೆಲವು ಪೂರ್ತಿ ಅವರದು, ಹಲವು ಎರಡೂ ನಗರಗಳಿಗೆ ಸೇರಿದ ಹೆಣೆದ ಬೀದಿಗಳು. ಅಲ್ಲಿ ಎರಡು ದೇಶದ ಜನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಡೆಯುತ್ತಾರೆ, ಆದರೆ ಒಬ್ಬರು ಇನ್ನೊಬ್ಬರನ್ನು ನೋಡಕೂಡದು. ಬಟ್ಟೆ, ನಡಿಗೆ, ಕಟ್ಟಡದ ಮಾದರಿ ನೋಡಿಯೇ ‘ಇದು ನಮ್ಮದಲ್ಲ’ ಎಂದು ಗುರುತಿಸಿ ಕಣ್ಣು ತೆಗೆಯುವುದನ್ನು ಮಕ್ಕಳು ಚಿಕ್ಕಂದಿನಿಂದಲೇ ಕಲಿಯುತ್ತಾರೆ. ತಪ್ಪಿದರೆ ಅದು ‘ಬ್ರೀಚ್’. ಆ ಅಪರಾಧವನ್ನು ವಿಚಾರಿಸಿಕೊಳ್ಳುವ ಶಕ್ತಿಯ ಹೆಸರೂ ಅದೇ, ಎರಡೂ ನಗರಗಳ ಪೊಲೀಸರು ಅದಕ್ಕೆ ಹೆದರುತ್ತಾರೆ.

ಹೆಚ್ಚಿನ ಓದುಗರು ಎಡವುವುದು ಮಾಯೆ ಹುಡುಕಲು ಹೊರಟು. 2009ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ವೈಜ್ಞಾನಿಕ ಮತ್ತು ಕಲ್ಪನಾಲೋಕದ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಅದನ್ನು ತಿಳಿದವರು ಸಮಾನಾಂತರ ಲೋಕಕ್ಕೆ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕಾಯುತ್ತಾರೆ. ಆ ಬಾಗಿಲು ತೆರೆಯುವುದಿಲ್ಲ. ಅಲ್ಲಿರುವುದು ಕಾನೂನು, ಭಯ ಮತ್ತು ಅಭ್ಯಾಸ. ಹೆಣೆದ ರಸ್ತೆಯಲ್ಲಿ ಎದುರಿಗೆ ಬರುವ ಪರನಗರದ ಕಾರಿಗೆ ಗುದ್ದದೆ ಓಡಿಸಬೇಕು, ಅದನ್ನು ನೋಡಿಯೂ ಇರಬಾರದು. ಇದಿಷ್ಟು ಅರ್ಥವಾದರೆ ಅರ್ಧ ಪುಸ್ತಕ ದಕ್ಕಿತು.

ಹಾಗಾಗಿ ಮೊದಲ ಅಧ್ಯಾಯದ ಕೊನೆಯನ್ನು ಎರಡು ಸಲ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಕತೆ ಹೇಳುವ ಇನ್ಸ್‌ಪೆಕ್ಟರ್ ಬೋರ್ಲು ಬೀದಿಯಲ್ಲಿ ಒಬ್ಬ ಮುದುಕಿಯನ್ನು ನೋಡುತ್ತಾನೆ. ಅವಳು ತನ್ನ ಬೀದಿಯಲ್ಲೇ ಇಲ್ಲ, ತಾನು ಅವಳನ್ನು ನೋಡಬಾರದಿತ್ತು ಎಂದು ತಟ್ಟನೆ ಹೊಳೆದು ಕಣ್ಣು ಬೇರೆಡೆ ತಿರುಗಿಸುತ್ತಾನೆ. ಯಾವ ವಿವರಣೆಯೂ ಇಲ್ಲ. ಬೋರ್ಲು ಹುಟ್ಟಿ ಬೆಳೆದ ಊರು ಅದು, ಅವನು ಯಾಕೆ ವಿವರಿಸಬೇಕು? ನಿಮ್ಮ ಗೊಂದಲಕ್ಕೆ ನಿಜವಾದ ಕಾರಣ ಇದೇ.

ನಕ್ಷೆ ಬರೆಯಲು ಹೋಗಬೇಡಿ. ಒಂದೇ ಜಾಗ ಎರಡು ಸಲ ಬರುತ್ತದೆ, ಕಾಗದ ಸಾಲದು. ಬದಲಿಗೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಾಲಂ ಎಳೆಯಿರಿ: ಇವರದು, ಅವರದು, ಹೆಣೆದದ್ದು. ಬೀದಿಯ ಅಥವಾ ವ್ಯಕ್ತಿಯ ಹೆಸರು ಬಂದಾಗ ಬರೆದುಕೊಳ್ಳಿ. ಹತ್ತು ಹನ್ನೆರಡು ಹೆಸರಾದ ಮೇಲೆ ಈ ಪಟ್ಟಿಯ ಅಗತ್ಯವೇ ಬೀಳದು. ಬಳಗ ಸೇರಿದಾಗ ಇನ್ನೊಂದು ಕೆಲಸ ಮಾಡಿ. ಹಾಸನದ ಬಿ.ಎಂ. ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಒಂದು ಬಿಟ್ಟು ಒಂದು ಅಂಗಡಿ ಬೇರೆ ದೇಶದ್ದೆನ್ನಿ. ಪಕ್ಕದ ಬೇಕರಿಗೆ ಹೋಗಬೇಕಾದರೆ ಊರ ನಡುವಿನ ಗಡಿಕಚೇರಿಗೆ ನಡೆದು, ಕಾಗದಪತ್ರ ತೋರಿಸಿ ಆಚೆ ದಾಟಿ, ಹೊರಟಲ್ಲಿಗೇ ವಾಪಸು ಬರಬೇಕು. ಕಾದಂಬರಿಯ ಕೊಪುಲಾ ಹಾಲ್ ಮಾಡುವುದು ಇದನ್ನೇ.

ನಿಜ ಜಗತ್ತಿನಲ್ಲಿ ಇದಕ್ಕೆ ಹತ್ತಿರದ್ದು ಬೆಲ್ಜಿಯಂ–ನೆದರ್ಲೆಂಡ್ಸ್ ನಡುವಿನ ಬಾರ್ಲೆ. ಅಲ್ಲಿ ಗಡಿ ಮನೆಗಳ ಒಳಗೇ ಹಾಯುತ್ತದೆ, ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ನಮ್ಮ ಕೂಚ್ ಬಿಹಾರದ ಸುತ್ತ 2015ರವರೆಗೆ ಬಾಂಗ್ಲಾದೇಶದೊಳಗೆ ಭಾರತಕ್ಕೆ ಸೇರಿದ 111 ನೆಲದ ತುಣುಕುಗಳೂ ಭಾರತದೊಳಗೆ ಅವರ 51 ತುಣುಕುಗಳೂ ಇದ್ದವು. ಆದರೆ ಅಲ್ಲೆಲ್ಲೂ ನೆರೆಯವರನ್ನು ನೋಡುವುದು ಅಪರಾಧವಾಗಿರಲಿಲ್ಲ.

ನೋಡದಿರುವುದನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಊರು ಒಂದು ಕಡೆ, ಕೇರಿ ಒಂದು ಕಡೆ ಇರುವ ಹಳ್ಳಿಗಳು ನಮ್ಮಲ್ಲಿ ಎಷ್ಟೋ ಇವೆ. ಒಂದೇ ಸಂತೆ, ಒಂದೇ ದಾರಿ. ಯಾರನ್ನು ಕಂಡೂ ಕಾಣದಂತೆ ದಾಟಬೇಕೆಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ಮಕ್ಕಳಿಗೆ ಬಂದುಬಿಡುತ್ತದೆ. ಈ ಹೋಲಿಕೆ ನಿಮ್ಮ ಚರ್ಚೆಗೆ ಬರಲೇಬೇಕು ಎಂದು ನಮಗನ್ನಿಸುತ್ತದೆ. ಆದರೆ ಕೊನೆಯ ಪುಟದ ನಂತರ ಬರಲಿ. ಮೊದಲೇ ಬಂದರೆ ಪ್ರತಿ ಪಾತ್ರಕ್ಕೂ ಒಂದು ಜಾತಿಯ ಚೀಟಿ ಅಂಟಿಸುತ್ತಾ ಕೂರುತ್ತೀರಿ, ಕೊಲೆಯ ತನಿಖೆ ಕೈತಪ್ಪುತ್ತದೆ.

ತನಿಖೆ ಮಾತ್ರ ಶುದ್ಧ ಪೊಲೀಸ್ ಕೆಲಸ. ಒಬ್ಬ ಯುವತಿಯ ಶವ ಬೆಶೆಲ್‌ನಲ್ಲಿ ಸಿಗುತ್ತದೆ, ಅವಳ ಓದು, ಓಡಾಟವೆಲ್ಲ ಆಚೆಯ ನಗರದ್ದು. ಕೊಂದವರು ಯಾರು ಎಂಬಷ್ಟೇ ಗಟ್ಟಿಯಾಗಿ ‘ಶವ ಗಡಿ ದಾಟಿದ್ದು ಹೇಗೆ, ಯಾವ ಕಾಗದದ ಮೇಲೆ’ ಎಂದು ಕೇಳುತ್ತಾ ಓದಿ. ಪರವಾನಗಿ, ವಾಹನ, ಯಾವ ಠಾಣೆಯ ವ್ಯಾಪ್ತಿ ಎಂಬ ಸಾಲುಗಳನ್ನು ಹಾರಿಸಿದರೆ ಮುಂದೆ ದಾರಿ ತಪ್ಪುತ್ತದೆ.

ಕಾದಂಬರಿಯಲ್ಲಿ ಮೂರು ಭಾಗಗಳಿವೆ, ಮೂರು ಸಲ ಸೇರಿ. ಮೊದಲು ಮುಗಿಸಿದವರು ಉಳಿದವರಿಗೆ ‘ಆರ್ಸಿನಿ’ ಎಂಬ ಹೆಸರಿನ ಬಗ್ಗೆ ಏನೂ ಹೇಳದಿರಲಿ.

ಇನ್ನು ನೋಡದಿರುವ ಆ ಕ್ರಿಯೆಗೆ ಕನ್ನಡದಲ್ಲಿ ಒಂದು ಪದ ಬೇಕು. ‘ಕಾಣದಿರು’ ಎಂದರೆ ಕಣ್ಣಿಗೆ ಬೀಳಲೇ ಇಲ್ಲವೆಂದಾಗುತ್ತದೆ. ‘ಕಡೆಗಣಿಸು’ ಎಂದರಲ್ಲಿ ತಿರಸ್ಕಾರ ಸೇರುತ್ತದೆ, ಇಲ್ಲಿ ಅದಿಲ್ಲ. ‘ಕಂಡೂ ಕಾಣದಿರು’ ಸರಿಹೊಂದುತ್ತದೆ, ಆದರೆ ಪುಟಕ್ಕೆ ನಾಲ್ಕು ಸಲ ಬಂದರೆ ಉದ್ದ. ನಿಮ್ಮ ಎಂಟು ಜನರಲ್ಲಿ ಯಾರಿಗಾದರೂ ಚಿಕ್ಕದೊಂದು ಪದ ಹೊಳೆದರೆ ನಮಗೆ ಬರೆದು ಕಳಿಸಿ.