ಅಮೆರಿಕದಲ್ಲಿ ಮಲೇಷ್ಯಾ ಮೂಲದವರು ಮತ್ತು ಇಂಗ್ಲಿಷ್ ಮೂಲದವರು: ಆರ್ಥಿಕವಾಗಿ ಯಾರು ಮುಂದಿದ್ದಾರೆ?

ಅಮೆರಿಕದ ಜನಗಣತಿ ಇಲಾಖೆಯ ಅಂಕಿಅಂಶಗಳಿಂದ ಮಾಡಿದ ಒಂದು ಆದಾಯದ ಪಟ್ಟಿಯಲ್ಲಿ ‘ಮಲೇಷ್ಯನ್’ ಮತ್ತು ‘ಇಂಗ್ಲಿಷ್’ ಎಂಬ ಎರಡು ಮೂಲಗಳ ಹೆಸರನ್ನು ನೋಡಿದ್ದೀರಿ. ಈ ಎರಡು ಸಮುದಾಯಗಳಲ್ಲಿ ಯಾರ ಸ್ಥಿತಿ ಉತ್ತಮವಾಗಿದೆ, ಆ ವ್ಯತ್ಯಾಸಕ್ಕೆ ಅವರ ಸಂಸ್ಕೃತಿಯೇ ಕಾರಣವೇ ಎಂದು ಕೇಳಿದ್ದೀರಿ. ಸುಮಾರು ಹದಿನೈದು ವರ್ಷಗಳಿಂದ ನಾನು ನ್ಯೂಜೆರ್ಸಿಯಲ್ಲಿ ವಾಸಿಸುತ್ತಿದ್ದೇನೆ. ಜನಸಂಖ್ಯೆಯ ಅಂಕಿಅಂಶಗಳನ್ನು ಓದುವುದೇ ನನ್ನ ಉದ್ಯೋಗವಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ನೇರವಾದ ಉತ್ತರ. ವಿದ್ಯಾಭ್ಯಾಸದಲ್ಲಿ ಮಲೇಷ್ಯಾ ಮೂಲದವರು ಸ್ಪಷ್ಟವಾಗಿ ಮುಂದಿದ್ದಾರೆ. ಅವರ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವೀಧರರು, ಇಡೀ ದೇಶದಲ್ಲಿ ಈ ಪ್ರಮಾಣ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಸ್ವಂತ ಮನೆ ಹೊಂದಿರುವುದರಲ್ಲಿ ಮತ್ತು ಬಡತನದ ಪ್ರಮಾಣ ಕಡಿಮೆ ಇರುವುದರಲ್ಲಿ ಇಂಗ್ಲಿಷ್ ಮೂಲದವರ ಸ್ಥಿತಿ ರಾಷ್ಟ್ರೀಯ ಮಟ್ಟಕ್ಕಿಂತ ಮೇಲಿದೆ. ಆದರೆ ವಾರ್ಷಿಕ ಆದಾಯದಲ್ಲಿ ಇವರಿಗೂ ಅವರಿಗೂ ಕಾಣುವ ಅಂತರವನ್ನು ಎರಡು ಸಂಸ್ಕೃತಿಗಳ ನಡುವಿನ ಅಂತರವೆಂದು ಓದಲು ಸಾಧ್ಯವಿಲ್ಲ. ಆ ಎರಡು ಹೆಸರುಗಳ ಕೆಳಗೆ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂಬುದನ್ನು ತಿಳಿಯದೆ ಹೋಲಿಕೆಗೆ ಇಳಿದರೆ ಸಂಖ್ಯೆಗಳು ಸರಿಯಾಗಿದ್ದರೂ ತೀರ್ಮಾನ ತಪ್ಪಾಗುತ್ತದೆ.

ಈ ಅಂಕಿಗಳ ಮೂಲ ‘ಅಮೆರಿಕನ್ ಕಮ್ಯುನಿಟಿ ಸರ್ವೆ’ ಎಂಬ ಮಾದರಿ ಸಮೀಕ್ಷೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಇದರ ಪ್ರಶ್ನಾವಳಿ ಹೋಗುತ್ತದೆ. ಅದರಲ್ಲಿ ಜನಾಂಗವನ್ನು ಕೇಳುವ ಒಂದು ಪ್ರಶ್ನೆಯಿದೆ, ಪೂರ್ವಜರ ಮೂಲವನ್ನು ಕೇಳುವ ಮತ್ತೊಂದು ಪ್ರಶ್ನೆಯಿದೆ. ಇಲಾಖೆಯ ಸಾಮಾನ್ಯ ಕೋಷ್ಟಕಗಳಲ್ಲಿ ‘ಇಂಗ್ಲಿಷ್’ ಎಂಬ ಗುಂಪು ಬರುವುದು ಎರಡನೆಯ ಪ್ರಶ್ನೆಯಿಂದ. ಅಲ್ಲಿ ಖಾಲಿ ಗೆರೆಯ ಮೇಲೆ ಜನ ತಮಗೆ ತೋಚಿದ್ದನ್ನು ಬರೆಯುತ್ತಾರೆ. ‘ಮಲೇಷ್ಯನ್’ ಬರುವುದು ಮೊದಲನೆಯ ಪ್ರಶ್ನೆಯಿಂದ. ಅಲ್ಲಿ ಏಷ್ಯಾದವರಿಗಾಗಿ ಚೈನೀಸ್, ಏಷ್ಯನ್ ಇಂಡಿಯನ್, ಫಿಲಿಪಿನೊ, ವಿಯೆಟ್ನಾಮೀಸ್, ಕೊರಿಯನ್, ಜಾಪನೀಸ್ ಎಂದು ಆರು ಚೌಕಗಳಿವೆ. ಇವಾವುದಕ್ಕೂ ಸೇರದವರು ‘ಇತರ ಏಷ್ಯನ್’ ಎಂದು ಗುರುತು ಮಾಡಿ ಪಕ್ಕದಲ್ಲಿ ತಮ್ಮ ಗುಂಪಿನ ಹೆಸರನ್ನು ಬರೆಯಬೇಕು. ಎಂದರೆ, ನೀವು ಹೋಲಿಸುತ್ತಿರುವ ಎರಡು ಗುಂಪುಗಳು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳೇ ಅಲ್ಲ.

ಇದರ ಪರಿಣಾಮವೇನೆಂದು ನಮ್ಮ ಬೀದಿಯಲ್ಲಿಯೇ ನೋಡಿದ್ದೇನೆ. ನಮ್ಮ ಮನೆಗೆ ಎರಡು ಮನೆ ಆಚೆಗೆ ಮಲೇಷ್ಯಾದ ಪೆನಾಂಗಿನಿಂದ ಬಂದ ಒಂದು ದಂಪತಿ ಇದ್ದಾರೆ. ಗಂಡನ ಅಜ್ಜ ಚೀನಾದ ಫೂಜಿಯಾನ್ ಪ್ರಾಂತ್ಯದಿಂದ ಬಂದು ಪೆನಾಂಗಿನಲ್ಲಿ ಅಂಗಡಿ ಇಟ್ಟವರು, ಮನೆಮಾತು ಆ ಪ್ರಾಂತ್ಯದ ಹೊಕ್ಕಿಯನ್. ಹೆಂಡತಿಯ ಅಜ್ಜ-ಅಜ್ಜಿ ತಮಿಳುನಾಡಿನಿಂದ ಪೆರಾಕ್ ರಾಜ್ಯದ ರಬ್ಬರ್ ತೋಟಕ್ಕೆ ಕೂಲಿಗೆ ಬಂದವರು. ಇಬ್ಬರೂ ತಮ್ಮ ಊರು ಯಾವುದೆಂದು ಕೇಳಿದರೆ ಒಂದು ಕ್ಷಣವೂ ಯೋಚಿಸದೆ ಮಲೇಷ್ಯಾ ಎನ್ನುತ್ತಾರೆ. ಭಾನುವಾರ ಅವರ ಮನೆಯಲ್ಲಿ ನಾಸಿ ಲೆಮಾಕ್ ಎಂಬ ಮಲೇಷ್ಯಾದ ತೆಂಗಿನ ಹಾಲಿನ ಅನ್ನ ಆಗುವುದು ತಪ್ಪುವುದಿಲ್ಲ. ಆದರೆ ಪ್ರಶ್ನಾವಳಿ ಬಂದಾಗ ಗಂಡ ‘ಚೈನೀಸ್’ ಚೌಕಕ್ಕೆ ಗುರುತು ಹಾಕಿದರು, ಹೆಂಡತಿ ‘ಏಷ್ಯನ್ ಇಂಡಿಯನ್’ ಚೌಕಕ್ಕೆ ಹಾಕಿದರು. ಇದರಲ್ಲಿ ತಪ್ಪೇನೂ ಇಲ್ಲ, ಪ್ರಶ್ನೆ ಕೇಳಿದ ರೀತಿಗೆ ಅದೇ ಸರಿಯಾದ ಉತ್ತರ. ಆದರೂ ಇಬ್ಬರು ಎಂಜಿನಿಯರುಗಳ ಸಂಬಳ ಬರುವ ಆ ಮನೆಯ ಆದಾಯ ‘ಮಲೇಷ್ಯನ್’ ಸಾಲಿಗೆ ಸೇರಲೇ ಇಲ್ಲ.

ಇದು ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. 2000ದ ಜನಗಣತಿಯಲ್ಲಿ ಮಲೇಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದವರ ಸಂಖ್ಯೆ 50 ಸಾವಿರದ ಆಸುಪಾಸಿನಲ್ಲಿದ್ದರೆ, ‘ಮಲೇಷ್ಯನ್’ ಎಂದು ಗುರುತಿಸಿಕೊಂಡವರು 18-19 ಸಾವಿರ ಮಾತ್ರ. ಇದರಲ್ಲಿ ಬೇರೆ ಗುಂಪಿನ ಜೊತೆ ಸೇರಿಸಿ ಬರೆದವರೂ ಇದ್ದಾರೆ. ಅದೇ ಲೆಕ್ಕದಲ್ಲಿ 2010ರಲ್ಲಿ ಆ ಸಂಖ್ಯೆ ಸುಮಾರು 26 ಸಾವಿರವಾಯಿತು. ಮಲೇಷ್ಯಾದ 2020ರ ಜನಗಣತಿಯ ಪ್ರಕಾರ ಅಲ್ಲಿನ ನಾಗರಿಕರಲ್ಲಿ ಶೇ. 69ರಷ್ಟು ಭೂಮಿಪುತ್ರರು (ಮಲಯರು ಮತ್ತು ಇತರ ಮೂಲನಿವಾಸಿಗಳು), ಶೇ. 23ರಷ್ಟು ಚೀನೀಯರು, ಶೇ. 7ರ ಸಮೀಪ ಭಾರತೀಯ ಮೂಲದವರು. ಅಮೆರಿಕಕ್ಕೆ ಬಂದು ನೆಲೆಸಿದವರಲ್ಲಿ ಈ ಅನುಪಾತ ಹೀಗೆಯೇ ಉಳಿದಿಲ್ಲ. ಒಂದೇ ಹೆಸರು ಒಳಗಿನ ವ್ಯತ್ಯಾಸಗಳನ್ನು ಮರೆಮಾಡುವ ಈ ಸ್ಥಿತಿ ನಾವು ಕನ್ನಡಿಗರದೂ ಹೌದು. 2019ರಲ್ಲಿ ಭಾರತೀಯ ಮೂಲದ ಕುಟುಂಬಗಳ ಮಧ್ಯಾಂಕ ಆದಾಯ (ಅರ್ಧ ಕುಟುಂಬಗಳ ಆದಾಯ ಇದಕ್ಕಿಂತ ಹೆಚ್ಚು, ಅರ್ಧದ್ದು ಕಡಿಮೆ) 1,19,000 ಡಾಲರ್ ಎಂದು ಪ್ಯೂ ಸಂಶೋಧನಾ ಕೇಂದ್ರ ಹೇಳಿದಾಗ, ಮೈಸೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರನೂ ಕ್ಯಾಲಿಫೋರ್ನಿಯಾದಲ್ಲಿ ಲಾರಿ ಓಡಿಸುವ ಪಂಜಾಬಿಯೂ ಆ ಒಂದೇ ಸಂಖ್ಯೆಯೊಳಗೆ ಇದ್ದರು.

ಇಂಗ್ಲಿಷ್ ಮೂಲದವರ ಕಡೆ ಸೋರಿಕೆ ಇದಕ್ಕಿಂತಲೂ ದೊಡ್ಡದು. 1980ರ ಜನಗಣತಿಯಲ್ಲಿ ತಾವು ಇಂಗ್ಲಿಷ್ ಮೂಲದವರೆಂದು ಬರೆದವರು ಸುಮಾರು 4.96 ಕೋಟಿ. 1990ರಲ್ಲಿ ಅದು 3.27 ಕೋಟಿಗೆ, 2000ದಲ್ಲಿ 2.45 ಕೋಟಿಗೆ ಇಳಿಯಿತು. ಇಪ್ಪತ್ತು ವರ್ಷಗಳಲ್ಲಿ ಎರಡೂವರೆ ಕೋಟಿ ಜನ ಎಲ್ಲಿಗೂ ಹೋಗಲಿಲ್ಲ. ಪ್ರಶ್ನೆಯ ಕೆಳಗೆ ಉದಾಹರಣೆಗಾಗಿ ಕೊಡುವ ಹೆಸರುಗಳಲ್ಲಿ 1980ರಲ್ಲಿ ‘ಇಂಗ್ಲಿಷ್’ ಇತ್ತು, 1990ರಲ್ಲಿ ಇರಲಿಲ್ಲ. ಜೊತೆಗೆ, ತಲೆಮಾರುಗಳ ಹಿಂದೆಯೇ ಸಮುದ್ರ ದಾಟಿ ಬಂದ ಪೂರ್ವಜರ ನೆನಪು ಮಾಸಿದ ಅನೇಕರು ‘ಅಮೆರಿಕನ್’ ಎಂದಷ್ಟೇ ಬರೆಯತೊಡಗಿದರು. 2000ದಲ್ಲಿ ಹಾಗೆ ಬರೆದವರು 2 ಕೋಟಿಗೂ ಹೆಚ್ಚು. 2020ರ ಜನಗಣತಿಯಲ್ಲಿ ಬಿಳಿಯರಿಗೂ ಮೂಲವನ್ನು ಬರೆಯಲು ಜಾಗ ಕೊಟ್ಟಾಗ ಇಂಗ್ಲಿಷ್ ಮೂಲದವರ ಸಂಖ್ಯೆ 4.66 ಕೋಟಿಗೆ ಏರಿ, ಜರ್ಮನ್ ಮೂಲದವರನ್ನೂ ಹಿಂದೆ ಹಾಕಿತು.

ಈ ‘ಅಮೆರಿಕನ್’ ಎಂಬ ಉತ್ತರ ದೇಶದಾದ್ಯಂತ ಸಮನಾಗಿ ಹರಡಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ದೃಷ್ಟಿಯಿಂದ ಮುಖ್ಯ. ಕೆಂಟಕಿ, ಟೆನೆಸ್ಸಿ, ವೆಸ್ಟ್ ವರ್ಜೀನಿಯಾದಂಥ ರಾಜ್ಯಗಳಲ್ಲಿ, ಅಪಲಾಚಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಅದು ಹೆಚ್ಚು. ಇವು ದೇಶದ ಕಡಿಮೆ ಆದಾಯದ ಪ್ರದೇಶಗಳು, ಇಲ್ಲಿನ ಅನೇಕರ ಪೂರ್ವಜರು ಇಂಗ್ಲೆಂಡಿನಿಂದಲೇ ಬಂದವರು. ಅವರು ‘ಇಂಗ್ಲಿಷ್’ ಸಾಲಿನಿಂದ ಹೊರಗುಳಿದಾಗ ಆ ಸಾಲಿನ ಮಧ್ಯಾಂಕ ತಾನಾಗಿ ಮೇಲೇರುತ್ತದೆ. ಉಳಿದವರಲ್ಲಿ ನ್ಯೂ ಇಂಗ್ಲೆಂಡಿನ ಮೇನ್, ವರ್ಮಾಂಟ್ ರಾಜ್ಯಗಳವರೂ, ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ ಇಂಗ್ಲೆಂಡಿನಿಂದ ಯೂಟಾಕ್ಕೆ ವಲಸೆ ಬಂದವರ ಸಂತತಿಯೂ ಇದ್ದಾರೆ. ವಂಶಾವಳಿಯನ್ನು ಜೋಪಾನವಾಗಿ ಇಟ್ಟುಕೊಂಡು ಇಂದಿಗೂ ‘ಇಂಗ್ಲಿಷ್’ ಎಂದು ಬರೆಯುವವರಲ್ಲಿ ಓದಿದವರ ಪಾಲು ಹೆಚ್ಚಿರುವುದು ಸಹಜವೆಂದು ನನಗೆ ಅನಿಸುತ್ತದೆ.

ಇನ್ನು ಮಲೇಷ್ಯಾದಿಂದ ಅಮೆರಿಕಕ್ಕೆ ಯಾರು ಬಂದರು ಎಂಬ ವಿಷಯ. ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇಲ್ಲಿಯೇ ಇದೆ. 1969ರ ಮೇ 13ರ ಕೋಮುಗಲಭೆಯ ನಂತರ ಮಲೇಷ್ಯಾ ಸರ್ಕಾರ 1971ರಲ್ಲಿ ಹೊಸ ಆರ್ಥಿಕ ನೀತಿಯನ್ನು ಜಾರಿಗೆ ತಂದಿತು. ಬಡತನ ನಿರ್ಮೂಲನೆಯ ಜೊತೆಗೆ, ಕಂಪನಿಗಳ ಷೇರು ಬಂಡವಾಳದಲ್ಲಿ ಭೂಮಿಪುತ್ರರ ಪಾಲನ್ನು ಶೇ. 30ಕ್ಕೆ ಏರಿಸುವುದು ಅದರ ಗುರಿಯಾಗಿತ್ತು. ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿಯೂ ಮೀಸಲಾತಿ ಬಂದುದರಿಂದ ಚೀನೀ ಮತ್ತು ಭಾರತೀಯ ಮೂಲದ ಮಧ್ಯಮವರ್ಗದ ಕುಟುಂಬಗಳು ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ದಾರಿ ಹಿಡಿದವು. ವಸಾಹತು ಕಾಲದ ರೂಢಿಯಂತೆ ಆ ದಾರಿ ಮೊದಲು ಬ್ರಿಟನ್ನಿಗೆ ಹೋಗುತ್ತಿತ್ತು. 1980ರಿಂದ ಬ್ರಿಟನ್ ವಿದೇಶಿ ವಿದ್ಯಾರ್ಥಿಗಳಿಂದ ಪೂರ್ತಿ ವೆಚ್ಚದ ಶುಲ್ಕ ವಸೂಲು ಮಾಡಲು ಆರಂಭಿಸಿದಾಗ ಮಲೇಷ್ಯಾದಲ್ಲಿ ದೊಡ್ಡ ಅಸಮಾಧಾನ ಎದ್ದಿತು. 1981ರಲ್ಲಿ ಪ್ರಧಾನಿ ಮಹತಿರ್ ಮೊಹಮದ್ ಅವರು ಬ್ರಿಟಿಷ್ ಸರಕನ್ನು ಕಟ್ಟಕಡೆಯ ಆಯ್ಕೆಯಾಗಿ ಮಾತ್ರ ಕೊಳ್ಳಬೇಕೆಂಬ ನೀತಿಯನ್ನು ಸಾರಿದ್ದರ ಹಿಂದಿನ ಕಾರಣಗಳಲ್ಲಿ ಈ ಶುಲ್ಕವೂ ಒಂದು. ಆ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮಲೇಷ್ಯಾದ ವಿದ್ಯಾರ್ಥಿಗಳು ಎದ್ದು ಕಾಣುವಷ್ಟು ಹೆಚ್ಚಿದರು.

ಅವರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಬಂದ ಮಲಯರು ಬಹುಮಟ್ಟಿಗೆ ಕರಾರಿನಂತೆ ಸೇವೆ ಸಲ್ಲಿಸಲು ಊರಿಗೆ ಮರಳಿದರು. ಮನೆಯ ಹಣದಲ್ಲಿ ಓದಿದ ಚೀನೀ ಮತ್ತು ತಮಿಳು ಕುಟುಂಬಗಳ ಮಕ್ಕಳಿಗೆ ಅಂಥ ಕರಾರು ಇರಲಿಲ್ಲ, ಊರಿನಲ್ಲಿ ಕರೆಯುವ ಸರ್ಕಾರಿ ನೌಕರಿಯೂ ಇರಲಿಲ್ಲ. ಅವರಲ್ಲಿ ಅನೇಕರು ಇಲ್ಲಿಯೇ ಉಳಿದರು. 1972ರಲ್ಲಿ ಇಂಟೆಲ್ ತನ್ನ ಮೊದಲ ಹೊರದೇಶದ ಕಾರ್ಖಾನೆಯನ್ನು ಪೆನಾಂಗಿನಲ್ಲಿ ತೆರೆದಿತ್ತು. ಅಲ್ಲಿ ಬೆಳೆದ ಎಲೆಕ್ಟ್ರಾನಿಕ್ಸ್ ಉದ್ಯಮದಿಂದ ಕ್ಯಾಲಿಫೋರ್ನಿಯಾಕ್ಕೆ ಎಂಜಿನಿಯರುಗಳು ಬರುವ ಮತ್ತೊಂದು ದಾರಿಯೂ ತೆರೆಯಿತು. 2010ರಲ್ಲಿ ಹೊರದೇಶಗಳಲ್ಲಿದ್ದ ಮಲೇಷ್ಯನ್ನರು ಸುಮಾರು 10 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಕ್ಕದ ಸಿಂಗಪುರದಲ್ಲಿದ್ದರು ಎಂದು ವಿಶ್ವಬ್ಯಾಂಕ್ 2011ರಲ್ಲಿ ಅಂದಾಜು ಮಾಡಿತ್ತು. ಸೇತುವೆ ದಾಟಿದರೆ ಸಿಗುವ ಸಿಂಗಪುರವನ್ನು ಬಿಟ್ಟು ಭೂಮಿಯ ಆ ಕಡೆಗೆ ಬಂದವರು ಪದವಿ, ಹಣ, ಇಂಗ್ಲಿಷ್ ಭಾಷೆಯ ಹಿಡಿತ ಈ ಮೂರನ್ನೂ ಹೊಂದಿದ್ದ ಸಣ್ಣ ಗುಂಪು. ಇಂಥ ಆಯ್ದ ಗುಂಪನ್ನು, ನಾಲ್ಕು ನೂರು ವರ್ಷಗಳಲ್ಲಿ ಬಡವ ಬಲ್ಲಿದರೆಲ್ಲರೂ ಸೇರಿ ಬೆಳೆದ ಕೋಟಿಗಟ್ಟಲೆ ಜನರ ಸಮುದಾಯದ ಜೊತೆ ಇಟ್ಟು, ಒಂದರ ಸಂಸ್ಕೃತಿ ಮೇಲು ಇನ್ನೊಂದರದು ಕೀಳು ಎಂದು ತೂಗುವುದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ವಯಸ್ಸು ಮತ್ತು ಊರು ಕೂಡ ಲೆಕ್ಕವನ್ನು ತಿರುಗಿಸುತ್ತವೆ. ಇಂಗ್ಲಿಷ್ ಮೂಲದವರ ಮಧ್ಯಾಂಕ ವಯಸ್ಸು ದೇಶದ ಮಟ್ಟಕ್ಕಿಂತ ಹೆಚ್ಚು. ಅವರಲ್ಲಿ ನಿವೃತ್ತರು ಬಹಳ, ಅಂಥವರ ವಾರ್ಷಿಕ ಆದಾಯ ಕಡಿಮೆಯಿದ್ದರೂ ಸಾಲ ತೀರಿದ ಸ್ವಂತ ಮನೆ ಇರುತ್ತದೆ. ಮಲೇಷ್ಯಾದವರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ಬಡತನದ ಲೆಕ್ಕದಲ್ಲಿ ಕಾಲೇಜಿನ ಹಾಸ್ಟೆಲ್‌ನಲ್ಲಿ ಇರುವವರನ್ನು ಸೇರಿಸುವುದಿಲ್ಲ, ಆದರೆ ಹೊರಗೆ ಬಾಡಿಗೆ ಮನೆ ಹಿಡಿದು ಅಲ್ಪ ಆದಾಯದಲ್ಲಿ ಓದುವ ಪಿಎಚ್‌.ಡಿ. ವಿದ್ಯಾರ್ಥಿ ಕಾಗದದ ಮೇಲೆ ಬಡವನಾಗಿಯೇ ಕಾಣುತ್ತಾನೆ. ಜೊತೆಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ದುಬಾರಿ ಜಾಗಗಳಲ್ಲಿರುವ ಮಲೇಷ್ಯಾದವರಿಗೆ ಬರುವ ಸಂಬಳದಲ್ಲಿ ಬಾಡಿಗೆಯೇ ದೊಡ್ಡ ಪಾಲನ್ನು ನುಂಗುತ್ತದೆ. ಕ್ಯಾಲಿಫೋರ್ನಿಯಾದ ಬೆಲೆಮಟ್ಟ ದೇಶದ ಸರಾಸರಿಗಿಂತ ಸುಮಾರು ಶೇ. 12ರಷ್ಟು ಮೇಲಿದೆ, ಆರ್ಕನ್ಸಾದಲ್ಲಿ ಹೆಚ್ಚು ಕಡಿಮೆ ಅಷ್ಟೇ ಕೆಳಗಿದೆ. ಅಧಿಕೃತ ಬಡತನ ರೇಖೆ ಮಾತ್ರ ಎರಡೂ ಕಡೆ ಒಂದೇ.

ಸಮೀಕ್ಷೆಯ ಗಾತ್ರದ ಬಗ್ಗೆ ಒಂದು ಮಾತು. ಒಂದು ವರ್ಷದಲ್ಲಿ ಉತ್ತರ ಸಿಗುವುದು ದೇಶದ ಮನೆಗಳಲ್ಲಿ ಸುಮಾರು ಶೇ. 1.5ರಿಂದ ಮಾತ್ರ. 26 ಸಾವಿರ ಜನರ ಗುಂಪಿನಲ್ಲಿ ಅದು 400ರ ಒಳಗಿನ ಜನರಿಗೆ ಬಂದು ನಿಲ್ಲುತ್ತದೆ, ಮನೆಗಳ ಲೆಕ್ಕದಲ್ಲಿ ಇನ್ನೂ ಕಡಿಮೆ. ಅಷ್ಟು ಸಣ್ಣ ಮಾದರಿಯಲ್ಲಿ ನಾಲ್ಕಾರು ವೈದ್ಯರ ಮನೆಗಳು ಬಂದರೆ ಅಥವಾ ಬಿಟ್ಟುಹೋದರೆ ಮಧ್ಯಾಂಕ ಸಾವಿರಾರು ಡಾಲರ್ ಅತ್ತಿತ್ತ ಸರಿಯುತ್ತದೆ. ಇಲಾಖೆ ಪ್ರತಿ ಅಂಕಿಯ ಪಕ್ಕದಲ್ಲಿ ಏರುಪೇರಿನ ಮಿತಿಯನ್ನು ಮುದ್ರಿಸುತ್ತದೆ; ನೀವು ನೋಡಿದಂಥ ಪಟ್ಟಿಗಳನ್ನು ಮಾಡುವವರು ಅದನ್ನು ಕೈಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಳ್ಳುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಆರ್ಥಿಕ ಸ್ಥಿತಿ ಎಂದರೆ ಆದಾಯವಷ್ಟೇ ಅಲ್ಲ, ಆಸ್ತಿಯೂ ಹೌದು. ಆದರೆ ಆಸ್ತಿಯನ್ನು ಕೂಲಂಕಷವಾಗಿ ಅಳೆಯುವ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಸಮೀಕ್ಷೆ ಮೂಲದ ಮಟ್ಟಕ್ಕೆ ಇಳಿಯುವುದೇ ಇಲ್ಲ. 2022ರಲ್ಲಿ ಬಿಳಿಯ ಕುಟುಂಬಗಳ ಮಧ್ಯಾಂಕ ನಿವ್ವಳ ಆಸ್ತಿ 2,85,000 ಡಾಲರ್, ಏಷ್ಯನ್ ಕುಟುಂಬಗಳದು 5,36,000 ಡಾಲರ್ ಎಂದು ಅದು ತೋರಿಸಿತು. ಈ ‘ಏಷ್ಯನ್’ ಎಂಬ ಹೆಸರಿನೊಳಗೆ ಭಾರತೀಯರೂ ಇದ್ದಾರೆ, 2019ರಲ್ಲಿ 44,400 ಡಾಲರ್ ಮಧ್ಯಾಂಕ ಆದಾಯವಿದ್ದ ಬರ್ಮಾದವರೂ ಇದ್ದಾರೆ. ಹಾಗಾಗಿ ಆ ದೊಡ್ಡ ಸಂಖ್ಯೆಯನ್ನು ಮಲೇಷ್ಯಾದವರ ತಲೆಗೆ ಕಟ್ಟುವಂತಿಲ್ಲ.

ನಿಜವಾಗಿಯೂ ಈ ಹೋಲಿಕೆಯನ್ನು ಮಾಡಬೇಕೆಂದಿದ್ದರೆ, ಅದೇ ಸಮೀಕ್ಷೆಯ ಹೆಸರಿಲ್ಲದ ಬಿಡಿ ದಾಖಲೆಗಳನ್ನು ಇಲಾಖೆ ಉಚಿತವಾಗಿ ಕೊಡುತ್ತದೆ. ಅವುಗಳಲ್ಲಿ ಜನಾಂಗದ ಚೌಕವನ್ನು ಬದಿಗಿಟ್ಟು ಹುಟ್ಟಿದ ದೇಶವನ್ನು ಹಿಡಿಯಿರಿ. ಮಲೇಷ್ಯಾದಲ್ಲಿ ಹುಟ್ಟಿದ ವಲಸಿಗರನ್ನು ಇಂಗ್ಲೆಂಡಿನಲ್ಲಿ ಹುಟ್ಟಿದ ವಲಸಿಗರ ಜೊತೆ ಇಡಿ. 30ರಿಂದ 55 ವರ್ಷದೊಳಗಿನ, ಪೂರ್ಣಾವಧಿ ಕೆಲಸದಲ್ಲಿರುವವರನ್ನು ಮಾತ್ರ ತೆಗೆದುಕೊಳ್ಳಿ. ಐದು ವರ್ಷಗಳ ದಾಖಲೆಗಳನ್ನು ಒಟ್ಟು ಮಾಡಿ, ಒಂದೇ ರಾಜ್ಯದವರನ್ನು, ಒಂದೇ ಮಟ್ಟದ ಓದಿನವರನ್ನು ಎದುರುಬದುರು ಇರಿಸಿ ನೋಡಿ. ಇಲ್ಲಿ ಹುಟ್ಟಿದ ಮಕ್ಕಳು ಈ ಲೆಕ್ಕದಲ್ಲಿ ಸಿಗುವುದಿಲ್ಲ, ಅದು ಇದರ ಕೊರತೆ. ಆದರೆ ಎರಡು ಗುಂಪುಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟವರಾಗಿರುತ್ತವೆ, ಚೈನೀಸ್ ಎಂದು ಗುರುತು ಹಾಕಿದ ನನ್ನ ನೆರೆಯವರೂ ಏಷ್ಯನ್ ಇಂಡಿಯನ್ ಎಂದು ಗುರುತು ಹಾಕಿದ ಅವರ ಹೆಂಡತಿಯೂ ಆಗ ಮಲೇಷ್ಯಾದವರಾಗಿಯೇ ಎಣಿಕೆಗೆ ಬರುತ್ತಾರೆ.