ಹಲ್ಲಿಗೆ ಉಜ್ಜಿದರೆ ಸಾಲದು, ತೂತು ನೋಡಿ

ಪ್ರಶ್ನೆ: ಅಜ್ಜಿ ನನಗೆ ಮುತ್ತಿನ ಸರ ಕೊಟ್ಟಿದ್ದಾರೆ. 1948ರಲ್ಲಿ ಅವರ ಮದುವೆಗೆ ಹಾಕಿದ್ದಂತೆ. ತುಮಕೂರಿನ ಒಂದು ಅಂಗಡಿಯಲ್ಲಿ ಮುತ್ತನ್ನು ಹಲ್ಲಿಗೆ ಉಜ್ಜಿ, ‘ತರಿತರಿ ಇದೆ, ಅಸಲಿ ಬಸ್ರಾ’ ಅಂದರು. ನಂಬಬಹುದಾ ಅಕ್ಕಾ?
— ಓದುಗರು, ಮಧುಗಿರಿ

ಉತ್ತರ: ತಂಗಿ, ಮುತ್ತು ಅನ್ನೋದು ನಿಜ ಇರಬಹುದು. ಬಸ್ರಾ ಅಂದರೆ ಪರ್ಷಿಯಾ ಕೊಲ್ಲಿಯ ಸಹಜ ಮುತ್ತು. ಅದನ್ನು ಹಲ್ಲು ಹೇಳುವುದಿಲ್ಲ. ತರಿತರಿ ಇದ್ದರೆ ಗಾಜೋ ಪ್ಲಾಸ್ಟಿಕ್ಕೋ ಅಲ್ಲ ಅಂತ, ಅಷ್ಟೇ. ಸಾಕಿದ ಮುತ್ತೂ, ಅಂದರೆ ಮನುಷ್ಯರು ಬೆಳೆಸಿದ್ದೂ, ಚಿಪ್ಪಿನೊಳಗೇ ಬೆಳೆಯುತ್ತೆ ಅಲ್ವಾ, ಅದೂ ಹಾಗೇ ಇರುತ್ತದೆ.

1948 ಅನ್ನೋದೂ ಸಾಕ್ಷಿಯಲ್ಲ. ಜಪಾನಿನ ಮಿಕಿಮೊಟೊ 1893ರಲ್ಲೇ ಅರೆಗುಂಡು ಮುತ್ತು ಬೆಳೆಸಿದ್ದರು. 1920ರ ದಶಕದಲ್ಲಿ ಸಾಕಿದ ದುಂಡು ಮುತ್ತು ಮಾರುಕಟ್ಟೆಯಲ್ಲಿತ್ತು.

ನಾನು ಚಿಕ್ಕಪೇಟೆಯಲ್ಲಿ ಮೂವತ್ತು ವರ್ಷ ಮುತ್ತು ಪೋಣಿಸಿದವಳು. ಶುರುವಿನಲ್ಲಿ ನಾನೂ ಹಲ್ಲನ್ನೇ ನಂಬಿದ್ದೆ. ಗುಬ್ಬಿಯ ಒಬ್ಬ ತಾಯಿಗೆ ‘ನಿಮ್ಮದು ಸಹಜ ಮುತ್ತು’ ಅಂದುಬಿಟ್ಟೆ. ಮಗಳ ಮದುವೆ ಖರ್ಚಿಗೆ ಅವರು ಅದನ್ನೇ ನೆಚ್ಚಿಕೊಂಡರು. ಮುಂಬೈನಲ್ಲಿ ಎಕ್ಸ್‌ರೇ ತೆಗೆಸಿದಾಗ ಒಳಗೆ ಮಣಿ ಕಂಡಿತು, ಅಂದರೆ ಸಾಕಿದ ಮುತ್ತು. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ತೂತು ನೋಡದೆ ನಾನು ಬಾಯಿಬಿಟ್ಟಿಲ್ಲ.

ಸರ ಬಿಚ್ಚಿಸಿ. ಅಕ್ಕಸಾಲಿಗರ ಭೂತಗನ್ನಡಿ ಹಿಡಿದು ಬೆಳಗಿನ ಬೆಳಕಲ್ಲಿ ತೂತಿನ ಅಂಚು ನೋಡಿ. ಸಾಕಿದ ಕಡಲ ಮುತ್ತಿನೊಳಗೆ ಚಿಪ್ಪನ್ನು ಉಜ್ಜಿ ದುಂಡಗೆ ಮಾಡಿದ ಮಣಿ ಇರುತ್ತದೆ, ಹೆಚ್ಚಾಗಿ ಅಮೆರಿಕದ ಮಿಸ್ಸಿಸ್ಸಿಪ್ಪಿ ಕಡೆಯ ಚಿಪ್ಪು. ಅದರ ಮೇಲೆ ಮುತ್ತಿನ ಹೊದಿಕೆ. ಎರಡೂ ಕೂಡುವಲ್ಲಿ ಎಷ್ಟೋ ಸಲ ಕಂದು ಗೆರೆಯೊಂದು ಕಾಣುತ್ತೆ. ಸಹಜ ಮುತ್ತಿನಲ್ಲಿ ಈರುಳ್ಳಿಯ ಹಾಗೆ ಪದರದ ಮೇಲೆ ಪದರ, ನಡುವಿನತನಕ. ತೂತೂ ಸಾಮಾನ್ಯವಾಗಿ ಸಣ್ಣದು. ತೂಕಕ್ಕೆ ಬೆಲೆ ಇದ್ದದ್ದರಿಂದ ಹಳಬರು ಜಾಸ್ತಿ ಕೊರೆಯುತ್ತಿರಲಿಲ್ಲ.

ಗೆರೆ ಕಾಣಲಿಲ್ಲ ಅಂತ ಹಿಗ್ಗಬೇಡಿ. ಸಿಹಿನೀರಿನಲ್ಲಿ ಸಾಕಿದ ಚೀನಾ ಮುತ್ತುಗಳಲ್ಲಿ ಬಹುಪಾಲಿಗೆ ಮಣಿಯೇ ಇಲ್ಲ. ನಿಮ್ಮ ಸರವನ್ನು ನಡುವೆ ಯಾರಾದರೂ ಮತ್ತೆ ಪೋಣಿಸಿದ್ದರೆ ಅಂಥವು ಸೇರಿರಬಹುದು. ಅಜ್ಜಿಯನ್ನು ಕೇಳಿ. ಮಾರುವ ಯೋಚನೆ ಇದ್ದರೆ ಎಕ್ಸ್‌ರೇ ಮಾಡುವ ರತ್ನ ಪರೀಕ್ಷೆಯ ಲ್ಯಾಬ್‌ಗೆ ಇಡೀ ಸರ ಕೊಡಿ, ಒಂದೆರಡು ಮುತ್ತಲ್ಲ. ಸರ್ಟಿಫಿಕೇಟ್ ಕೈಗೆ ಬರುವ ತನಕ ಬೆಲೆ ಮಾತಾಡಬೇಡಿ.

ಇನ್ನೊಂದು ಮಾತು. ಚಿನ್ನ ತೊಳೆದ ಹಾಗೆ ಇದನ್ನು ಹುಣಸೆಹಣ್ಣಿನಲ್ಲಿ ತೊಳೆಯಲೇಬೇಡಿ, ಹುಳಿ ಮುತ್ತನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.