‘ಸಿಡಿ’ ಕೊಟ್ಟರೂ ಡ್ರೈವ್ ಯಾಕೆ ಬದಲಾಗಲ್ಲ?

ಪ್ರಶ್ನೆ: ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಡಿ (cd, ಫೋಲ್ಡರ್ ಬದಲಿಸುವ ಕಮಾಂಡ್) ಅಂತ ಬರೆದು, ಇ ಡ್ರೈವ್‌ನ ‘ಫೋಟೋಸ್’ ಫೋಲ್ಡರ್‌ನ ಪೂರ್ತಿ ಪಾಥ್ ಕೊಟ್ಟು ಎಂಟರ್ ಒತ್ತಿದೆ. ಎರರ್ ಬರಲಿಲ್ಲ, ಆದರೆ ಸಿ ಡ್ರೈವ್‌ನಲ್ಲೇ ಇದ್ದೇನೆ. ಏನು ಸಮಸ್ಯೆ?

ಉತ್ತರ: ನಿಮ್ಮ ಕಮಾಂಡ್ ಕೆಲಸ ಮಾಡಿದೆ! ಈಗ ಬರೀ ಇ ಅಕ್ಷರ, ಪಕ್ಕದಲ್ಲಿ ಕೋಲನ್ ಹಾಕಿ ಎಂಟರ್ ಒತ್ತಿ ನೋಡಿ. ನೇರವಾಗಿ ‘ಫೋಟೋಸ್’ ಒಳಗೇ ಇರ್ತೀರಿ. ಕಮಾಂಡ್ ಪ್ರಾಂಪ್ಟ್ ಪ್ರತಿ ಡ್ರೈವ್‌ಗೂ ‘ಈಗ ಯಾವ ಫೋಲ್ಡರ್’ ಅಂತ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತೆ. ಸಿಡಿ ಬದಲಾಯಿಸಿದ್ದು ಆ ನೆನಪನ್ನು ಮಾತ್ರ, ನೀವಿರುವ ಡ್ರೈವನ್ನಲ್ಲ.

ಇದು ವಿಂಡೋಸ್‌ಗೂ ಮೊದಲಿದ್ದ ಡಾಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಾಲದಿಂದ ಬಂದದ್ದು. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ, ಡ್ರೈವ್ ಅಕ್ಷರಗಳಷ್ಟೇ. ಫೋಲ್ಡರ್ ಬಂದದ್ದು 1983ರ 2.0 ಆವೃತ್ತಿಯಲ್ಲಿ. ಹಾಗಾಗಿ ಡ್ರೈವ್ ಬದಲಿಸೋದು ಒಂದು ಕೆಲಸ, ಫೋಲ್ಡರ್ ಬದಲಿಸೋದು ಇನ್ನೊಂದು ಕೆಲಸ ಅಂತಲೇ ಉಳಿದುಬಿಟ್ಟಿತು.

ಎರಡೂ ಒಟ್ಟಿಗೆ ಆಗಬೇಕು ಅಂದ್ರೆ ಸಿಡಿ ಆದಮೇಲೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಡಿ (/d) ಸೇರಿಸಿ, ಆಮೇಲೆ ಪಾಥ್ ಕೊಡಿ. ಇಲ್ಲಿ ಡಿ ಅಂದರೆ ಡಿ ಡ್ರೈವ್ ಅಲ್ಲ, ನಿಮ್ಮದು ಇ ಆಗಿರಲಿ ಎಫ್ ಆಗಿರಲಿ ಸ್ಲ್ಯಾಶ್ ಡಿ ಅಂತಲೇ ಬರೆಯಬೇಕು.

ಇದನ್ನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಬ್ಯಾಚ್ ಫೈಲ್‌ನಲ್ಲಿ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲ್) ಮೊದಲ ಸಾಲಿಗೆ ಬರೀ ಸಿಡಿ, ಎರಡನೇ ಸಾಲಿಗೆ ‘ಎಲ್ಲಾ ಫೈಲ್ ಡಿಲೀಟ್ ಮಾಡು’ ಅಂತ ಬರೆದಿದ್ದೀರಿ ಅಂದ್ಕೊಳ್ಳಿ. ಡ್ರೈವ್ ಬದಲಾಗಿಲ್ಲ, ಎರರೂ ಇಲ್ಲ, ಡಿಲೀಟ್ ಮಾತ್ರ ಸಿ ಡ್ರೈವ್‌ನಲ್ಲಿ ನೀವಿದ್ದ ಫೋಲ್ಡರ್‌ನಲ್ಲೇ ನಡೆದುಹೋಗುತ್ತೆ! ಕಮಾಂಡ್‌ನಿಂದ ಡಿಲೀಟ್ ಆದದ್ದು ರೀಸೈಕಲ್ ಬಿನ್‌ಗೂ ಹೋಗಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್ ಸಾಮಾನ್ಯವಾಗಿ ವಿಂಡೋಸ್‌ನ ಮುಖ್ಯ ಫೈಲ್‌ಗಳಿರುವ ಸಿಸ್ಟಮ್32 ಫೋಲ್ಡರ್‌ನಲ್ಲೇ ಶುರುವಾಗೋದು, ಅಲ್ಲಿ ಹೀಗಾದರೆ ಗತಿಯೇನು ಹೇಳಿ. ಅದಕ್ಕೇ ಸ್ಲ್ಯಾಶ್ ಡಿ ಬಿಡಬೇಡಿ. ಎರಡೂ ಕಮಾಂಡ್‌ಗಳನ್ನು ಒಂದೇ ಸಾಲಿನಲ್ಲಿ && ಹಾಕಿ ಸೇರಿಸಿ. ಆಗ ಫೋಲ್ಡರ್ ಸಿಗದಿದ್ದರೆ ಡಿಲೀಟ್ ಶುರುವೇ ಆಗಲ್ಲ.

ಹೋಗಿ ಮತ್ತೆ ಹಳೇ ಜಾಗಕ್ಕೆ ವಾಪಸ್ ಬರಬೇಕಾದ್ರೆ ಪುಶ್‌ಡಿ (pushd), ಪಾಪ್‌ಡಿ (popd) ಕಮಾಂಡ್‌ಗಳು ಒಳ್ಳೇದು: ಹೋಗೋಕೆ ಪುಶ್‌ಡಿ, ವಾಪಸ್ ಬರೋಕೆ ಪಾಪ್‌ಡಿ. ಪುಶ್‌ಡಿ ಡ್ರೈವನ್ನೂ ತಾನೇ ಬದಲಿಸುತ್ತೆ.

ಇನ್ನು ಪ್ರಾಂಪ್ಟ್‌ನ ಸಾಲು ಪಿಎಸ್ ಅಂತ ಶುರುವಾಗಿದ್ರೆ ನೀವಿರೋದು ಕಮಾಂಡ್ ಪ್ರಾಂಪ್ಟ್‌ನಲ್ಲಲ್ಲ, ಕಮಾಂಡ್ ಕೊಡೋಕೆ ವಿಂಡೋಸ್‌ನಲ್ಲಿರುವ ಇನ್ನೊಂದು ಪ್ರೋಗ್ರಾಮ್ ಪವರ್‌ಶೆಲ್‌ನಲ್ಲಿ. ಅಲ್ಲಿ ಬರೀ ಸಿಡಿ ಸಾಕು, ಸ್ಲ್ಯಾಶ್ ಡಿ ಹಾಕಿದರೇ ಎರರ್ ಬರುತ್ತೆ.